ಸೊನ್ನೆ ಬೇರೆ, ಖಾಲಿ ಬೇರೆ

ಮಲ್ಲಿಗೆ ಗಿಡಕ್ಕೆ ನೀರು ಹಾಕಿದೆ, ತಾರಸಿಯಲ್ಲಿ ಸಂಡಿಗೆ ಕಾಯ್ದೆ, ಅಮ್ಮನಿಗೆ ಬೆಳ್ಳುಳ್ಳಿ ಸುಲಿದುಕೊಟ್ಟೆ, ನಾಲ್ಕು ಗಂಟೆಗೆ ಸಿಳ್ಳು ಕೇಳಲು ಕೂತೆ. ನಾವು ಯಾದವಗಿರಿಯಲ್ಲಿದ್ದ ಕಾಲದಲ್ಲಿ ನನ್ನ ರಜೆಯ ದಿನಗಳು ಹೀಗೇ. ಆ ಶುಕ್ರವಾರವೂ ಅಷ್ಟೇ.

ಅಪ್ಪನಿಗೆ ಹ್ಯಾಮ್ ರೇಡಿಯೊ ಹುಚ್ಚು. ದೂರದೇಶಗಳಲ್ಲಿ ಹವ್ಯಾಸಿಗಳು ನಿಲ್ಲಿಸಿದ್ದ ಬೀಕನ್ ಎಂಬ ಪುಟ್ಟ ಪ್ರಸಾರಯಂತ್ರಗಳು ಸರದಿಯ ಮೇಲೆ ನಾಲ್ಕು ಉದ್ದ ಸಿಳ್ಳು ಹಾಕುತ್ತಿದ್ದವು, ಒಂದಕ್ಕಿಂತ ಒಂದು ಕ್ಷೀಣ. ಕೇಳಿಸಿದಷ್ಟು ಗೀಟು ಪುಸ್ತಕದಲ್ಲಿ ಎಳೆದರೆ ರೇಡಿಯೊ ಅಲೆಗಳಿಗೆ ಆಕಾಶದ ದಾರಿ ಅಂದು ಎಷ್ಟು ತೆರೆದಿದೆಯೆಂದು ತಿಳಿಯುತ್ತಿತ್ತು. ಅಪ್ಪ ಕಚೇರಿಯಲ್ಲಿರುವಾಗ ಆ ಕೆಲಸ ನನ್ನದು.

ಆ ಶುಕ್ರವಾರ ಸಿಳ್ಳಿರಲಿ, ಗರಗರ ಸದ್ದೂ ಇಲ್ಲ. ಎಲ್ಲಕ್ಕೂ ಸೊನ್ನೆ ಬರೆದೆ. ಸಂಜೆ ಅಪ್ಪ ಹೆಡ್‌ಫೋನ್ ಹಾಕಿಕೊಂಡರೆ ಸಿಳ್ಳುಗಳು ಸರಾಗ!

"ಎಲ್ಲಾ ಸೊನ್ನೇನಾ? ಕುಂಟೆಬಿಲ್ಲೆ ಆಡೋಕೆ ಹೋಗ್ಬುಟ್ಯಾ?"

"ಇಲ್ಲಪ್ಪ, ದೇವ್ರಾಣೆ."

"ಅವಳ ಕಾಲು ನೋಡ್ರೀ, ಮಣ್ಣೇ ಇಲ್ಲ," ಎಂದಳು ಅಮ್ಮ ಒಳಗಿಂದ.

"ತೊಳ್ಕೊಂಡಿರ್ತಾಳೆ ಕಣೇ."

ಹೆಡ್‌ಫೋನ್ ಬೀರುವಿನ ಮೇಲೆ ಹೋಯಿತು, ನನ್ನ ಕೈಗೆ ಎಟುಕದ ಜಾಗಕ್ಕೆ. ಆಮೇಲೆ ನಾನು ಗಂಟೆ ಎಷ್ಟೆಂದು ಹೇಳಿದರೂ ಅಪ್ಪ ಗಡಿಯಾರ ನೋಡಿಯೇ ನಂಬುತ್ತಿದ್ದರು.

ಮುಂದಿನ ವಾರ ಹಾಸನದಿಂದ ಕಾರ್ಡು ಬಂತು. ಅಲ್ಲಿಯೂ ಹೀಗೇ ಗೀಟೆಳೆಯುವ ಗೆಳೆಯರೊಬ್ಬರಿದ್ದರು. ಅಪ್ಪ ಜೋರಾಗಿ ಓದಿದರು: "ಶುಕ್ರವಾರ ನಾಲ್ಕಕ್ಕೆ ಎಲ್ಲ ಬೀಕನ್ನುಗಳೂ ಮೂಕ. ಸೂರ್ಯ ಕೆರಳಿ ಆಕಾಶದ ದಾರಿ ಮುಚ್ಚಿಸಿದ್ದ." ಹೆಡ್‌ಫೋನ್ ಇಳಿಸಿ ನನ್ನ ಕೊರಳಿಗೇ ಹಾಕಿದರು. ಮುಂದಿನ ಸಾಲು ಮಾತ್ರ ಮನಸ್ಸಿನಲ್ಲೇ ಓದಿಕೊಂಡು ಕಾರ್ಡನ್ನು ನನಗೆ ಕೊಟ್ಟರು. "ಅದೇ ವಾರದ ಬುಧವಾರ ಸಿಂಹಳದ ಬೀಕನ್ ಕೆಟ್ಟು ಇಡೀ ದಿನ ಸುಮ್ಮನಿತ್ತು."

ನನ್ನ ಪುಸ್ತಕದಲ್ಲಿ ಬುಧವಾರ ಸಿಂಹಳಕ್ಕೆ ಅಚ್ಚುಕಟ್ಟಾದ ಮೂರು ಗೀಟು. ಅಂದು ಪಕ್ಕದ ಮನೆಯ ತಾರಸಿಗೆ ಹೋಗಿದ್ದವಳು, ಬಂದು ಮಂಗಳವಾರದ್ದನ್ನೇ ನಕಲು ಮಾಡಿದ್ದೆ. ಪುಟದ ಮೂಲೆಯಲ್ಲಿ ಖಾರದಪುಡಿಯ ಬೆರಳಚ್ಚು.

"ಮಾವಿನಕಾಯಿ ಹುಳಿಯಿತ್ತೇನಮ್ಮ?" ಎಂದರು ಅಪ್ಪ.

ನಾನು ಅತ್ತುಬಿಟ್ಟೆ. ಅಪ್ಪ ಬುಧವಾರದ ಸಾಲನ್ನು ಹೊಡೆದುಹಾಕಿದರು. "ಕೇಳಿ ಏನೂ ಸಿಗದಿದ್ರೆ ಸೊನ್ನೆ. ಕೂರ್ಲೇ ಇಲ್ಲ ಅಂದ್ರೆ ಖಾಲಿ ಬಿಡು. ಖಾಲಿ ಬಿಟ್ರೆ ನಾನೇನು ಬೈತೀನಾ?" ಹೆಡ್‌ಫೋನ್ ವಾಪಸು ಕೇಳಲಿಲ್ಲ.

ಈಗ ಸಿಳ್ಳು ಎಲ್ಲೆಲ್ಲಿಗೆ ಮುಟ್ಟಿತೆಂದು ಫೋನೇ ನಕ್ಷೆ ತೋರಿಸುತ್ತದೆ. ತಾರಸಿಯ ಮೇಲಿದ್ದ ರೇಡಿಯೊ ತಂತಿ ಹೋಯಿತು, ಅಪ್ಪನೂ ಹೋದರು. ನಾನು ಹೇಳಿದ್ದನ್ನು ಜನ ತಕ್ಷಣ ನಂಬುತ್ತಾರೆ; ನನ್ನ ಕಾಲಲ್ಲಿ ಮಣ್ಣಿದೆಯೇ ಎಂದು ನೋಡುವವರಿಲ್ಲ.

ಕಾರ್ಡು ಬಂದ ರಾತ್ರಿ ಮುದ್ದೆ, ಬಸ್ಸಾರು, ಸುಟ್ಟ ಹಪ್ಪಳ ಉಂಡೆವು. ಮೊದಲು ನಿದ್ದೆ ಹೋದದ್ದು ಅಪ್ಪ. ಅವರ ಗೊರಕೆಯನ್ನು ಅಂದು ಕಿವಿಯಾರೆ ಕೇಳಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.