ಗಜೇಂದ್ರಗಡಕ್ಕೆ ಒಯ್ದ ಅಧ್ಯಾಯ

ಜನವರಿಯ ಒಂದು ಮುಂಜಾನೆ ಏಳಕ್ಕೆ ಹುಬ್ಬಳ್ಳಿಯಲ್ಲಿ ನರಗುಂದದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಚೀಲದಲ್ಲಿ ನನ್ನ ಆತ್ಮಕಥೆಯ ಹನ್ನೆರಡು ಹಾಳೆಗಳಿದ್ದವು. ಗಜೇಂದ್ರಗಡದ ಸೋದರತ್ತೆ ಗೌರವ್ವನಿಗೆ ಅದನ್ನು ಓದಿ ಹೇಳಿ ಒಪ್ಪಿಗೆ ಪಡೆಯಬೇಕಿತ್ತು.

ನಾನು ಆಸ್ಟ್ರೇಲಿಯಾದ ಪತ್ತೇದಾರಿ ಕಾದಂಬರಿಗಳನ್ನು ಕನ್ನಡಕ್ಕೆ ತರುವವಳು. ಆ ದೇಶ ಕಂಡವಳಲ್ಲ. ಆದರೂ ಆ ಕಥೆಗಳ ಒಣನೆಲ, ಸಣ್ಣ ಊರು, ಕಾಣೆಯಾದ ಗಂಡಸು, ಗೊತ್ತಿದ್ದೂ ತುಟಿ ಬಿಚ್ಚದ ಮಂದಿ, ಯಾವುದೂ ನನಗೆ ಹೊಸದಾಗಿರಲಿಲ್ಲ. ಅತ್ತೆಯ ಗಂಡ, ನಮ್ಮ ಮಾಮಾ, ಇಪ್ಪತ್ತಾರು ವರ್ಷಗಳ ಹಿಂದೆ ಒಂದು ಸಂಜೆ ಹೊಲಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಹಾಗಾಗಿ ಅತ್ತೆ ಇಂದಿಗೂ ಮುತ್ತೈದೆ. ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ. ಮಾಮಾನಿಗೂ ಅವನ ತಮ್ಮ ಈರಪ್ಪನಿಗೂ ಬದುವಿನ ಜಗಳವಿತ್ತು. ಮಾಮಾ ಕಾಣೆಯಾದ ವಾರವೇ ಈರಪ್ಪ ಹೊಲದ ಹಾಳು ಬಾವಿಯನ್ನು ಮುಚ್ಚಿಸಿದ್ದ. ಇವೆರಡನ್ನೂ ಕೂಡಿಸಿ, ಇದು ಕೊಲೆಯೆಂದು ನಾನು ಬರೆದಿದ್ದೆ. ಅಚ್ಚಾದರೆ ಅತ್ತೆ ಬಳೆ ಒಡೆಯಬೇಕಾಗುತ್ತದೆ ಎಂಬುದು ಗೊತ್ತಿದ್ದೂ ಹೊರಟಿದ್ದೆ. ಪತ್ತೆ ಹಚ್ಚಿದ ಜಂಬ ಅಷ್ಟಿತ್ತು.

ನರಗುಂದದಲ್ಲಿ ಬಸ್ಸು ಬದಲಿಸಿದೆ. ಯಾವಗಲ್ ದಾಟಿ ರೋಣದವರೆಗೂ ಎರಡು ಬದಿಗೆ ಕರಿ ಎರೆಹೊಲ, ಕಡಲೆ, ಎದೆಮಟ್ಟದ ಜೋಳ. ಚಳಿಗಾಳಿಗೆ ಕಿಟಕಿ ಮುಚ್ಚಿದರೂ ಕಟಕಟ ಅನ್ನುತ್ತಿತ್ತು. ರೋಣದ ನಿಲ್ದಾಣದಲ್ಲಿ ಗಿರ್ಮಿಟ್ ತಿಂದು ಮುಕ್ಕಾಲು ತಾಸು ಕಾದೆ. ಗಜೇಂದ್ರಗಡ ಮುಟ್ಟಿದಾಗ ಹನ್ನೆರಡೂವರೆ.

ಅತ್ತೆ ಮೊದಲು ಉಣ್ಣಲಿಕ್ಕೆ ಹಾಕಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಆಮೇಲೆ ತಾನು ಜೋಳ ಹಸನು ಮಾಡುತ್ತ, "ಓದು" ಅಂದಳು. ಕೊನೆಯ ಹಾಳೆಯವರೆಗೂ ಓದಿದೆ. ಬಾವಿಯ ಭಾಗ ಮಾತ್ರ ಇನ್ನೊಮ್ಮೆ ಓದಿಸಿದಳು.

"ಇದು ನನಗ ಮೂರನೇ ದಿನಾನ ಗೊತ್ತಾತು," ಎಂದಳು.

ನನ್ನ ಪತ್ತೇದಾರಿಕೆಯೆಲ್ಲ ಅಲ್ಲೇ ಮಣ್ಣುಗೂಡಿತು. ಊರವರಲ್ಲಿ ಒಬ್ಬರೂ ಸಾಕ್ಷಿಗೆ ಬರಲಿಲ್ಲವಂತೆ. ಹಾಗಿದ್ದರೆ ಕುಂಕುಮ ಯಾಕೆಂದು ಕೇಳಿಬಿಟ್ಟೆ.

"ಈರಪ್ಪ ನೋಡ್ಲಿ ಅಂತ. ನಾ ಗಂಡ ಸತ್ತಾಕಿ ಅಂತ ಖರೇ ಗೊತ್ತಿದ್ದಾಂವ ಅಂವ ಒಬ್ಬನ. ಅಂವ ಅದನ್ನ ಹೇಳಬೇಕಂದ್ರ, ಹ್ಯಾಂಗ ಗೊತ್ತು ಅನ್ನೂದೂ ಹೇಳಬೇಕಲ್ಲ."

ಈರಪ್ಪನದು ಗೋಡೆಗೆ ಹತ್ತಿದ ಮನೆ. ಅಲ್ಲಿ ಮದುವೆಯಾದರೂ ಸೀಮಂತವಾದರೂ ಹಿರೇ ಮುತ್ತೈದೆಯೆಂದು ಅವನೇ ಬಂದು ಅತ್ತೆಯನ್ನು ಕರೆಯಬೇಕು. ಮೊದಲ ಉಡಿ ಅವಳಿಗೇ ತುಂಬಿಸಬೇಕು. ಇಷ್ಟು ವರ್ಷ ಅವಳು ಒಂದೂ ಕರೆ ತಪ್ಪಿಸಿರಲಿಲ್ಲ.

"ನೀ ಬರೆದ್ರ ಅಂವಗ ಹೇಳೂ ಭಾರ ಹಗರ ಆಕ್ಕೈತಿ, ತಂಗಿ. ಅದು ಅಂವನ ಬಾಯಿಂದನ ಬರಬೇಕು."

ನನಗೆ ನಾಚಿಕೆಯಾಯಿತು. ಅವಳು ಮುಗ್ಧೆ, ಗಂಡ ಬರುತ್ತಾನೆಂದು ಕಾದವಳು ಎಂದೇ ಹನ್ನೆರಡು ಹಾಳೆ ತುಂಬ ಬರೆದಿದ್ದೆ. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ.

ನಾಲ್ಕರ ಬಸ್ಸಿಗೆ ಹೊರಟಾಗ ಈರಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ. ಸೊರಗಿದ್ದ. ಒಂದೇ ಗೋಡೆಯಾಚೆ ಇದ್ದೂ ನನ್ನನ್ನು ಕೇಳಿದ, "ವೈನಿ ಆರಾಮ ಅದಾರಲ್ಲ?" ಅದಾರ್ರಿ ಎಂದೆ. ತಲೆ ಎತ್ತದೆ ನೆಲವನ್ನೇ ನೋಡುತ್ತಿದ್ದ.

ಬಸ್ಸು ತಿರುವಿನಲ್ಲಿ ಹೊರಳಿದಾಗ ಹಿಂದೆ ನೋಡಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಳಗೆ ಅತ್ತೆಯ ಓಣಿ ಯಾವುದೆಂದು ಗುರುತು ಹತ್ತಲಿಲ್ಲ.

ಪುಸ್ತಕ ಆ ಅಧ್ಯಾಯವಿಲ್ಲದೆ ಅಚ್ಚಾಯಿತು. ಈಗ ಇದನ್ನು ಬರೆಯುತ್ತಿರುವುದು ಅತ್ತೆಯ ಒಪ್ಪಿಗೆಯಿಂದಲೇ. ದಸರೆ ಕಳೆದ ಮೇಲೆ, ಹಾಸಿಗೆ ಹಿಡಿದ ಈರಪ್ಪ ಓಣಿಯ ಹಿರಿಯರನ್ನೂ ಅವಳನ್ನೂ ಕರೆಸಿದನಂತೆ. ಮರುದಿನ ಮುಂಜಾನೆ ಅತ್ತೆಯ ಫೋನ್ ಬಂತು.

"ಅಂವ ಹೇಳಿದ. ಬಾವಿ ತಗಸಾಕತ್ತಾರ. ನಿಮ್ಮ ಮಾಮಾನ ಮಣ್ಣು ಮಾಡೂದೈತಿ, ಲಗೂ ಬಾ."