ಲೇಸರಿಗೆ ಹಚ್ಚಿದ ವಿಭೂತಿ

ನಂಜನಗೂಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ಆಗಿದ್ದ ಗುರುಮಲ್ಲಪ್ಪನವರು, ಗುಜರಿಗೆ ಹೊರಟಿದ್ದ ಮೂರು ಹಳೇ ಲೇಸರ್‌ಗಳನ್ನು ಕೇಳಿಕೊಂಡು ಮನೆಗೆ ತಂದಿದ್ದರು. ನಿವೃತ್ತಿಯ ನಂತರ ಅವರಿಗೆ ಅವುಗಳದ್ದೇ ಚಿಂತೆ. ಸುಮ್ಮನಿಟ್ಟರೆ ಒಳಗಿನ ಗಾಜಿನ ಕೊಳವೆ ಕೆಡುತ್ತದೆಂದು ತಿಂಗಳಿಗೊಮ್ಮೆ ಉರಿಸುತ್ತಿದ್ದರು. ಗೋಡೆಯ ಮೇಲೆ ಕೆಂಪು ಚುಕ್ಕಿ ಮೂಡಿದ ಮೇಲೆಯೇ ಅವರಿಗೆ ನೆಮ್ಮದಿ.

ಆಯುಧಪೂಜೆಯ ದಿನ, ಇನ್ನೊಂದು ಹಳೇ ಲೇಸರ್ ಇದೆಯೆಂದು ಕೇಳಿ ತಿ. ನರಸೀಪುರಕ್ಕೆ ಹೋಗಿ ಬರುವಷ್ಟರಲ್ಲಿ, ಹೆಂಡತಿ ಶಿವನಂಜಮ್ಮ ಮೂರಕ್ಕೂ ಪೂಜೆ ಮುಗಿಸಿದ್ದರು. ತೀರಾ ಹಳೆಯದರಲ್ಲಿ, ಬೆಳಕು ಹೊರಬರುವ ಗಾಜಿನ ಮೇಲೆಯೇ ಮೂರು ಪಟ್ಟೆ ವಿಭೂತಿ.

"ಅಲ್ಲೇ ಯಾಕೆ ಅಚ್ಚಿದೆ?"

"ಅಣೆ ಯಾವ್ದು ಅಂತ ಗೊತ್ತಾಗ್ನಿಲ್ಲ ಕಣ್ರೀ."

ಉಜ್ಜಿದರೆ ಗೀರು ಬೀಳುತ್ತದೆ. ಬೂದಿಯನ್ನು ಊದಿ, ಹತ್ತಿಯನ್ನು ಸೋಕಿಸಿದಂತೆ ಮಾಡಿ ಸ್ವಿಚ್ ಒತ್ತಿದರು. ಗೋಡೆಯ ಮೇಲೆ ಕೆಂಪು ಚುಕ್ಕಿ ಮಬ್ಬಾಗಿ ಮೂಡಿತು.

"ಮುಗೀತು. ಗೀರು ಬಿದ್ದೋಯ್ತು" ಎಂದು ಸ್ಟೂಲಿನ ಮೇಲೆ ಕುಸಿದರು.

ಶಿವನಂಜಮ್ಮ ಗೋಡೆಯ ಹತ್ತಿರ ಹೋಗಿ ನೋಡಿದರು. "ಓದ್ ತಿಂಗ್ಳು ಎಂಗಿತ್ತೋ ಅಂಗೇ ಅದೆ. ಕುಂಕುಮದಂಗೆ ಕೆಂಪಗೆ."

ಗುರುಮಲ್ಲಪ್ಪನವರಿಗೆ ಹೋದ ಜೀವ ಬಂದಂತಾಯಿತು. ಕನ್ನಡಕ ಒರೆಸಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಮತ್ತೆ ಗೋಡೆ ನೋಡಿದರು.

ಎರಡೂ ಕಣ್ಣಿಗೆ ಚುಕ್ಕಿ ಮಬ್ಬಾಗಿಯೇ ಇತ್ತು.