ಪಿಗ್ಮಿಯವರ ಬೋಣಿ ಮನೆ

ಅವರ ಬಲ ಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಅದೇ ಹೆಗಲಿಗೆ ಚೀಲ ಹಾಕಿಕೊಂಡು ಶಂಕರಪುರಂನಿಂದ ಗಾಂಧಿ ಬಜಾರಿನವರೆಗೆ ಮನೆಮನೆ, ಅಂಗಡಿ ಅಂಗಡಿ ಸುತ್ತಿ, ಒಂದು ಸಣ್ಣ ಸಹಕಾರಿ ಬ್ಯಾಂಕಿಗೆ ನಮ್ಮ ದಿನದ ಉಳಿತಾಯ ಒಯ್ಯುತ್ತಿದ್ದರು. ನಮಗೆಲ್ಲ ಅವರು ಪಿಗ್ಮಿಯವರು. ಒಯ್ದ ಹಣದ ಮೇಲಿನ ಕಮಿಷನ್ನೇ ಅವರ ಸಂಬಳ.

ಬೆಳಗಿನ ಮೊದಲ ಹಣ ನನ್ನ ಕೈಯಿಂದಲೇ ಆಗಬೇಕು. ನಾನು ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದರೆ ಗೇಟಿನಿಂದಲೇ, "ಅಮ್ಮಾ, ಬೋಣಿ ಮಾಡಿ. ನಿಮ್ಮ ಕೈಗುಣ, ಇಡೀ ಬೀದಿ ಕೊಡತ್ತೆ" ಎನ್ನುವರು. ನಮ್ಮ ಯಜಮಾನರು ಆಸ್ಪತ್ರೆ ಸೇರಿದಾಗ ನನ್ನ ಪಿಗ್ಮಿ ಹಣ ಬಿಡಿಸಿ ವಾರ್ಡಿಗೇ ತಂದುಕೊಟ್ಟವರು.

ಆಮೇಲೆ ಫೋನಿಗೆ ಡಿಜಿಟಲ್ ರೂಪಾಯಿ ಬಂತು. ನೋಟು ಹೊರಡಿಸುವ ದೊಡ್ಡ ಬ್ಯಾಂಕಿನದೇ ಹಣ, ಸಣ್ಣ ಬ್ಯಾಂಕು ಮುಳುಗಿದರೂ ಇದು ಮುಳುಗುವುದಿಲ್ಲ ಎಂದಳು ತಂಗಿ. ಬೇರೊಂದು ಬ್ಯಾಂಕು ಬಾಗಿಲು ಹಾಕಿ ಅವಳ ಠೇವಣಿ ಸಿಕ್ಕಿಹಾಕಿಕೊಂಡಿತ್ತು. ನಾನು ಪಿಗ್ಮಿ ನಿಲ್ಲಿಸಿದೆ. ಆ್ಯಪ್ ಹಾಕಲು ನನಗೆ ಬಾರದು. ಅದನ್ನೂ ಪಿಗ್ಮಿಯವರ ಕೈಯಲ್ಲೇ ಹಾಕಿಸಿಕೊಂಡೆ.

"ಇದ್ರಲ್ಲಿ ಬಡ್ಡಿ ಬರಲ್ಲಮ್ಮ" ಎಂದರು, ಫೋನು ಒತ್ತುತ್ತಲೇ.

"ಅಸಲಾದ್ರೂ ಉಳಿಯತ್ತಲ್ಲ" ಎಂದೆ.

ಬೋಣಿ ಮನೆಯೇ ನಿಲ್ಲಿಸಿತೆಂದರೆ ಬ್ಯಾಂಕಿಗೇನೋ ಆಗಿದೆ ಎಂದುಕೊಂಡಿತು ಬೀದಿ. ಏನೂ ಆಗಿರಲಿಲ್ಲ. ವಾರದೊಳಗೆ ಎದುರುಮನೆಯವರು, ಇಸ್ತ್ರಿಯವನು, ಹೂವಿನವಳು ಎಲ್ಲರೂ ಹಣ ತೆಗೆದು ಫೋನಿಗೆ ಹಾಕಿಕೊಂಡರು. "ಏನ್ ಸ್ವಾಮಿ, ಇವತ್ತು ಯಾರ ಮನೇಲಿ ಬೋಣಿ?" ಎಂದು ಹೂವಿನವಳು ಕೂಗಿ ಕೇಳಿ ನಗುವಳು. ನಾನೂ ನಕ್ಕಿದ್ದೇನೆ.

ತಿಂಗಳ ಕೊನೆಗೆ ಬಂದರು. "ಈ ಬೀದಿಯವರು ವಾಪಸ್ ಬರ್ದಿದ್ರೆ ಮ್ಯಾನೇಜರು ನನ್ನ ತೆಗೀತಾರಂತೆ. ಹತ್ತೇ ರೂಪಾಯಿ ಕೊಡಿ. ಗೇಟಿನ ಹೊರಗೆ ನಿಂತು, ನಾಲ್ಕು ಜನ ನೋಡೋ ಹಾಗೆ. ಸಂಜೆ ನಾನೇ ತಂದ್ಕೊಡ್ತೀನಿ."

"ಹತ್ತು ರೂಪಾಯಿಗೆ ನನ್ನ ಕೈಲಿ ನಾಟಕ ಆಡಿಸ್ತೀರಾ?" ಎದುರುಮನೆಯಾಕೆ ಕಿಟಕಿಯಲ್ಲಿದ್ದಳು. ಅವಳಿಗೆ ಕೇಳಲಿ ಎಂದೇ ದನಿ ಏರಿಸಿದ್ದೆ.

"ತಪ್ಪಾಯ್ತಮ್ಮ" ಎಂದು ಹೋದರು.

ಕೆಲಸ ಹೋಯಿತು. ಮಳೆಗಾಲ ಮುಗಿಯುವುದರೊಳಗೆ ಎದೆನೋವು ಬಂದು ಅವರೂ ಹೋದರು. ತಿಥಿಯೆಲ್ಲ ಕಳೆದ ಮೇಲೆ, ಹಣ್ಣು ಹಿಡಿದು ಗವಿಪುರದ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಅವರ ಹೆಂಡತಿಗೆ ನಾನು ಯಾರೆಂದು ಹೇಳಿದೆ.

"ನಿಮ್ಮನ್ನ ಬೈಬಾರ್ದು ಅಂತ ಹೇಳಿದ್ರು. ಬೈಯಲ್ಲ" ಎಂದರು ಆಕೆ. "ಒಳಗೆ ಕರೀಬೇಕು ಅಂತೇನೂ ಹೇಳಿರ್ಲಿಲ್ಲ."

ಬಾಗಿಲು ಹಾಕಿಕೊಂಡರು. ಮೆಲ್ಲಗೇ ಹಾಕಿಕೊಂಡರು.